ಹಲ್ಲಿನ ಮನೆತನದ ಗಾಜಕ್ಕ

ಗಾಜಕ್ಕನ ಮುತ್ತಜ್ಜ ಸೀಸದ ಪುಡಿ ಕಾರ್ಖಾನೆಯ ಮೊದಲ ಕುಲುಮೆಗೆ ಬೆಂಕಿ ಹಾಕಿದವನು. ಆಗ ಅಲ್ಲಿ ಗೋಡೆಯೆಂಬುದು ಇರಲಿಲ್ಲ. ನಾಲ್ಕು ಕಂಬ, ಮೇಲೊಂದು ತಗಡು. ಕರಗಿದ ಸೀಸದ ಮೇಲೆ ಗಾಳಿ ಊದುತ್ತ, ಅದು ಹಳದಿ ಕೆನೆಗಟ್ಟುವುದನ್ನು ಕಾದು, ಉದ್ದ ಹಿಡಿಯ ಸೌಟಿನಿಂದ ಬಳಿದು ತೆಗೆಯುವುದು ಅವನ ಕೆಲಸ. ಬಿರುಗಾಳಿಗೆ ಒಮ್ಮೆ ತಗಡು ಹಾರಿಹೋದಾಗ ಉಳಿದವರೆಲ್ಲ ದಿಕ್ಕಾಪಾಲಾಗಿ ಓಡಿದರೂ ಅವನೊಬ್ಬ ಸೌಟು ಬಿಡದೆ ನಿಂತಿದ್ದನಂತೆ. ಅವನ ಸೊಸೆ, ಅಂದರೆ ಗಾಜಕ್ಕನ ಅಜ್ಜಿ, ಜರಡಿ ಹಿಡಿದವಳು. ಜರಡಿಯ ಹೆಂಗಸರಿಗೆ ಕೂರಲು ಮಣೆ ಕೊಡದಿದ್ದಾಗ ಜರಡಿಯನ್ನೇ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. ಆವತ್ತು ಒಂದು ಹಿಡಿ ಪುಡಿಯೂ ಹೊರಗೆ ಹೋಗಲಿಲ್ಲ. ಮಾರನೆಯ ದಿನ ಹನ್ನೆರಡು ಮಣೆ ಬಂದವು.

ಅಜ್ಜ ಹಲ್ಲಿನವನು. ಹಾಗೆಂದರೆ ಏನೆಂದು ಹೇಳಬೇಕು. ಕುಲುಮೆಯ ಹಳದಿ ಕೆನೆ ಆರಿದ ಮೇಲೆ ಹೆಂಟೆಯಾಗುತ್ತದೆ. ಅದನ್ನು ಗಿರಣಿಗೆ ಹಾಕಿ ಬೀಸಿ, ಜರಡಿ ಹಿಡಿದು, ಮಣ್ಣಿನ ಬಿಲ್ಲೆ ಮಾಡುವವರಿಗೆ ಕಳಿಸುತ್ತಾರೆ. ಅವರು ಅದನ್ನು ಕಲಸಿ, ಬಿಲ್ಲೆಗಳಿಗೆ ಬಳಿದು, ಗೂಡಿನಲ್ಲಿ ಸುಟ್ಟರೆ ಕನ್ನಡಿಯಂಥ ಮೆರುಗು ಬರುತ್ತದೆ. ಪುಡಿಯಲ್ಲಿ ಒಂದು ತರಿ ಉಳಿದರೂ ಮೆರುಗಿನ ಮೇಲೆ ಸಿಡುಬಿನ ಕಲೆಯಂಥ ಚುಕ್ಕೆ ಏಳುತ್ತದೆ. ಕಣ್ಣಿಗೆ ಕಾಣದ ಆ ತರಿಯನ್ನು ಹಿಡಿಯುವುದು ಹೇಗೆ? ಗಾಜಕ್ಕನ ಅಜ್ಜ ಒಂದು ಚಿಟಿಕೆ ಪುಡಿಯನ್ನು ಮುಂದಿನ ಎರಡು ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಉಜ್ಜುತ್ತಿದ್ದ. ಕರಕರ ಎಂದರೆ ಮತ್ತೆ ಗಿರಣಿಗೆ, ಬೆಣ್ಣೆಯ ಹಾಗೆ ಜಾರಿದರೆ ಡ್ರಮ್ಮಿಗೆ. ಒಮ್ಮೆ ಆಗಿನ ಯಜಮಾನರು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರೂ ಲಾರಿಗೇರಿಸಿದ್ದ ನಲವತ್ತು ಡ್ರಮ್ಮು ಇಳಿಸಿದ. ತೆರೆದು ನೋಡಿದರೆ ತಳದಲ್ಲಿ ತರಿಯೇ ತರಿ. ಅಂದಿನಿಂದ ಆ ಮನೆಯವರಿಗೆ ಹಲ್ಲಿನವರೆಂದೇ ಹೆಸರು ನಿಂತಿತು.

ಅಪ್ಪನ ಕಾಲಕ್ಕೆ ಆ ಹೆಸರಿಗೆ ಕೊಂಬು ಬಂತು. ಹಲ್ಲು ಮೇಸ್ತ್ರಿ ಎಂದರೆ ಗೇಟಿನವನೂ ಎದ್ದು ನಿಲ್ಲುತ್ತಿದ್ದ. ಆದರೆ ನಲವತ್ತು ದಾಟುವಷ್ಟರಲ್ಲಿ ಅಪ್ಪನ ಒಸಡಿನ ಅಂಚಿಗೆ ನೀಲಿ ಗೆರೆ ಎದ್ದಿತು. ಹೊಟ್ಟೆ ಹಿಂಡಿ ಮಲಗಿದಲ್ಲಿ ಮುದ್ದೆಯಾಗುತ್ತಿದ್ದ. ಆಮೇಲೆ ಮಣಿಕಟ್ಟು ಸೋತಿತು. ತೋಳು ಎತ್ತಿದರೆ ಅಂಗೈ ಮಾತ್ರ ಬಾಡಿದ ಎಲೆಯಂತೆ ಜೋತುಬೀಳುತ್ತಿತ್ತು. ವಾಯು ಅಂದರು ಒಬ್ಬರು, ನರ ಹಿಡಿದಿದೆ ಅಂದರು ಇನ್ನೊಬ್ಬರು. ಪುಡಿ ಎಂದು ಯಾರ ಬಾಯಲ್ಲೂ ಬರಲಿಲ್ಲ. ಅನ್ನ ಹಾಕುವ ಪುಡಿಯನ್ನು ಬೈಯುವುದು ಹೇಗೆ?

ಒಂದು ಮಧ್ಯಾಹ್ನ ಗಾಜಕ್ಕ ಅಪ್ಪನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದಳು. ಆಗವಳಿಗೆ ಹದಿನೆಂಟು. ಗಿರಣಿಯ ಬದಿಯ ಬೆಂಚಿನ ಮೇಲೆ ಅಪ್ಪ ಕೂತಿದ್ದ, ಎರಡು ಕೈಯೂ ತೊಡೆಯ ಮೇಲೆ ಸತ್ತ ಮೀನಿನಂತೆ ಬಿದ್ದಿದ್ದವು. ಆಗಿನ ಮೇಸ್ತ್ರಿ ಚಿಟಿಕೆ ಪುಡಿ ತೆಗೆದು, ತನ್ನ ಬೆರಳಿನಿಂದಲೇ, ತುಂಬ ನಯವಾಗಿ, ಅಪ್ಪನ ಬಾಯೊಳಗಿಟ್ಟ. ಅಪ್ಪ ಹಕ್ಕಿಮರಿಯಂತೆ ಬಾಯಿ ತೆರೆದಿದ್ದ. ಹಲ್ಲು ಉಜ್ಜಿ, ಕಣ್ಣು ಮುಚ್ಚಿ, ನುಣ್ಣಗಿದೆ ಎಂದ. ಗಾಜಕ್ಕ ಡಬ್ಬಿಯನ್ನು ಅಲ್ಲೇ ಇಟ್ಟು ತಿರುಗಿ ಬಂದಳು. ಅಪ್ಪ ಹೋಗಿದ್ದು ಅದರ ಮರುವರ್ಷ. ಅವನು ತೀರಿಹೋದ ಗಳಿಗೆ ಅವಳಿಗೆ ಅಷ್ಟಾಗಿ ನೆನಪಿಲ್ಲ, ಆ ಬೆರಳು ಮಾತ್ರ ನೆನಪಿದೆ.

ಅಪ್ಪನ ಜಾಗಕ್ಕೆ ಅವನ ತಮ್ಮ ಬಂದ. ಅಜ್ಜಿಯ ಜರಡಿ ಅಮ್ಮನಿಗೆ ಬಂದಿತ್ತು, ಅಮ್ಮನ ಕೈಯಿಂದ ಅದನ್ನು ಗಾಜಕ್ಕ ಹಿಡಿದಳು. ಮೊದಲ ಹತ್ತು ಹನ್ನೆರಡು ವರ್ಷ ಅವಳೂ ಎಲ್ಲರಂತೆ ಬರಿಗೈಯಲ್ಲೇ ಪುಡಿ ತುಂಬಿದಳು, ಅದೇ ಕೈಯಲ್ಲಿ ಉಂಡಳು. ಓದು ಎಂದು ಅವಳಿಗೆ ಸಿಕ್ಕಿದ್ದು ಎರಡು ಕ್ಲಾಸು. ಉಳಿದಿದ್ದನ್ನು ಡ್ರಮ್ಮಿನ ಮೇಲೆ ಅಂಟಿಸುವ ಕಾಗದ ನೋಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಕಲಿತಳು. ತಲೆಬುರುಡೆಯ ಚಿತ್ರದ ಕೆಳಗೆ ಬರೆದಿತ್ತು: ಬಾಯಿಗೆ ಹೋಗಬಾರದು, ಧೂಳನ್ನು ಉಸಿರಾಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಕೆಲಸದ ಬಟ್ಟೆ ಬೇರೆ ಇರಬೇಕು. ಓದಿ ಮುಗಿಸಲು ಅವಳಿಗೆ ಒಂದು ವಾರ ಹಿಡಿಯಿತು. ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. ಪುಡಿ ಕೊಳ್ಳುವವರಿಗೆ ಎಚ್ಚರಿಕೆ, ಪುಡಿ ಮಾಡುವವರಿಗೆ ಹಾಲು.

ಹೌದು, ಹಾಲು. ಬೆಳಿಗ್ಗೆ ಹತ್ತಕ್ಕೆ ತಲೆಗೊಂದು ಲೋಟ ಹಾಲು ಬರುತ್ತಿತ್ತು. ಹಾಲು ಕುಡಿದರೆ ಪುಡಿ ಮೈಯಿಂದ ತೊಳೆದುಹೋಗುತ್ತದೆ ಎಂದು ಅಜ್ಜನ ಕಾಲದಿಂದಲೂ ನಂಬಿಕೆ. ಹಳದಿ ಬೆರಳಿನಿಂದ ಲೋಟದ ಅಂಚು ಹಿಡಿದು, ಹಾಲಿನ ಜೊತೆ ಪುಡಿಯನ್ನೂ ಕುಡಿಯುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಮಾತು ಬೇಸಾಯಕ್ಕೆ ಸರಿ, ಸೀಸಕ್ಕಲ್ಲ. ಈ ಪುಡಿ ಮುಟ್ಟಿದರೆ ಉರಿಯುವುದಿಲ್ಲ, ಮೂಸಿದರೆ ನಾರುವುದಿಲ್ಲ. ಸಾಧುವಿನ ಹಾಗೆ ಒಳಗೆ ಬಂದು, ಎಲುಬಿನಲ್ಲಿ ಮನೆ ಮಾಡಿಕೊಂಡು, ವರ್ಷಗಟ್ಟಲೆ ಕೂತಿರುತ್ತದೆ. ಬಟ್ಟೆಯ ಮಡಿಕೆಯಲ್ಲಿ ಸೇರಿ ಮನೆಗೂ ನಡೆದು ಬಂದು ತೊಟ್ಟಿಲ ತನಕ ಹೋಗುತ್ತದೆ.

ಗಾಜಕ್ಕ ಹಾಲಿನ ಲೋಟ ಮುಟ್ಟುವುದನ್ನು ಬಿಟ್ಟಳು. ಉಣ್ಣುವ ಮೊದಲು ಹೊರಗಿನ ನಲ್ಲಿಗೆ ಹೋಗಿ ಮೊಣಕೈ ತನಕ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಒಣ ಪೊರಕೆ ಆಡಿಸಿದರೆ ನೆಲದ ಧೂಳು ಮೂಗಿಗೆ ಏರುತ್ತದೆಂದು ನೆಲ ಒದ್ದೆ ಮಾಡಿ ಒರೆಸುತ್ತಿದ್ದಳು. ಜರಡಿಯ ಹೆಂಗಸರು ಇವಳು ಕಾರ್ಖಾನೆಗೆ ಬಾಣಂತನ ಮಾಡುತ್ತಿದ್ದಾಳೆ ಎಂದು ನಗುತ್ತಿದ್ದರು. ಒಬ್ಬಳಂತೂ ಸೋಪಿನ ತುಂಡು ತೋರಿಸಿ, ಮದುವೆಗೆ ಹೊರಟೆಯಾ ಎಂದು ಕೇಳಿದಳು. ಇಲ್ಲ, ಸಾಯೋಕೆ ಹೊರಡೋದನ್ನ ಮುಂದಕ್ಕೆ ಹಾಕ್ತಿದೀನಿ ಎಂದು ಗಾಜಕ್ಕ ಉತ್ತರ ಕೊಟ್ಟಳು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸಣ್ಣ ಧೂಳು ನೂಲಿನ ಸಂದಿಯಲ್ಲಿ ನುಸುಳುತ್ತದೆ, ಸೋಸುವ ಬಿಲ್ಲೆಯಿರುವ ಸರಿಯಾದ ಮುಖಕವಚ ಬೇಕೆಂದು ಯಜಮಾನರ ಬಾಗಿಲಲ್ಲಿ ಎಂಟು ಸಲ ನಿಂತಳು. ಒಂಬತ್ತನೆಯ ಸಲಕ್ಕೆ ಕೊಟ್ಟರು. ಕೊಟ್ಟಿದ್ದು ಅವಳ ಕಾಟ ತಪ್ಪಲೆಂದು.

ಇಷ್ಟೆಲ್ಲ ಆದರೂ ಚಿಕ್ಕಪ್ಪನ ಬಾಯಿಗೆ ಚಿಟಿಕೆ ಹೋಗುವುದು ನಿಲ್ಲಲಿಲ್ಲ. ದಿನಕ್ಕೆ ಆರು ಸಲ ಬೀಸುತ್ತಿದ್ದರು, ಆರು ಚಿಟಿಕೆ. ಒಂದು ರಜೆಯ ದಿನ ಅವನ ಮನೆಗೆ ಹೋದಾಗ ಚಿಕ್ಕಮ್ಮ ಕಾಫಿ ಕೊಟ್ಟಳು. ಚಿಕ್ಕಪ್ಪನ ಕೈಯಿಂದ ಲೋಟ ಜಾರಿತು. ಜಾರಿದ್ದಕ್ಕೆ ಅವನು ಲೋಟವನ್ನೇ ಬೈದ. ಗಾಜಕ್ಕ ಲೋಟ ನೋಡಲಿಲ್ಲ, ಮಣಿಕಟ್ಟು ನೋಡಿದಳು. ಅಪ್ಪನದು ಶುರುವಾಗಿದ್ದೂ ಹಾಗೆಯೇ. ಈ ಕೈಯನ್ನು ಬೀಳಗೊಡಬಾರದು ಎಂದು ಅಲ್ಲಿಯೇ, ಚೆಲ್ಲಿದ ಕಾಫಿ ಒರೆಸುತ್ತಲೇ ನಿಶ್ಚಯ ಮಾಡಿದಳು.

ಹೇಳಿದರೆ ಚಿಕ್ಕಪ್ಪ ಕೇಳುವವನೇ? ಅವನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ತಲೆಮಾರಿನ ಹಲ್ಲನ್ನು ಹೆಣ್ಣುಮಗಳೊಬ್ಬಳು ಕೀಳಲು ಬಂದಳೆಂದು ಸಿಟ್ಟಾದ. ಯಜಮಾನರ ಬಳಿ ಹೋದರೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನಗೂ ಇಷ್ಟವಿಲ್ಲಮ್ಮ, ಆದರೆ ತರಿ ಹಿಡಿಯಲು ಇನ್ನೊಂದು ದಾರಿ ಇದ್ದರೆ ತೋರಿಸು, ಅಲ್ಲಿಯವರೆಗೆ ಹಲ್ಲೇ ಗತಿ ಎಂದರು. ಸಾಗಹಾಕುವ ಮಾತು ಅದು. ಗಾಜಕ್ಕ ಅದನ್ನು ವಾಗ್ದಾನವೆಂದು ಹಿಡಿದುಕೊಂಡಳು.

ಒಡೆದ ಕಿಟಕಿಯಿಂದ ಅಂಗೈಯಗಲದ ಎರಡು ಗಾಜಿನ ತುಂಡು ತಂದಳು, ಅಂಚುಗಳನ್ನು ಕಲ್ಲಿಗೆ ತೀಡಿ ಮೊಂಡು ಮಾಡಿದಳು. ಚಿಟಿಕೆ ಪುಡಿಗೆ ಎರಡು ಹನಿ ನೀರು ಹಾಕಿ, ಧೂಳು ಏಳದ ಹಾಗೆ ಕಲಸಿ, ಎರಡು ಗಾಜಿನ ನಡುವೆ ಇಟ್ಟು ಉಜ್ಜಿದಳು. ಹಲ್ಲು ಹೇಳುವುದನ್ನು ಗಾಜು ಯಾಕೆ ಹೇಳಬಾರದು? ಹೇಳಿತು. ಮನೆಯ ಹಿತ್ತಿಲಿನ ನಿಶ್ಶಬ್ದದಲ್ಲಿ ತರಿ ಕರ್ ಎಂದು ಕೂಗಿತು. ಆದರೆ ಕಾರ್ಖಾನೆಯಲ್ಲಿ ಗಿರಣಿಯ ಗುಡುಗಿಗೆ ಅವಳ ಗಾಜು ಮೂಕಾಯಿತು. ಹಲ್ಲಾದರೆ ತಲೆಯೊಳಗೇ ಕೇಳುತ್ತದೆ, ನಿನ್ನ ಗಾಜಿಗೆ ದಿನಕ್ಕೆ ಆರು ಸಲ ಗಿರಣಿ ನಿಲ್ಲಿಸಬೇಕೇ ಎಂದು ಗಿರಣಿಯ ಹೊಸ ಮೇಸ್ತ್ರಿ ಕೇಳಿದ. ಗಾಜಕ್ಕ ಎಂಬ ಹೆಸರು ಬಿದ್ದಿದ್ದು ಆವತ್ತೇ, ಹಂಗಿಸಲಿಕ್ಕೆಂದು. ಹಂಗಿಸಿದ ಹೆಸರನ್ನೇ ಅವಳು ಹಾಕಿಕೊಂಡು ಓಡಾಡಿದಳು.

ತಲೆಯೊಳಗೇ ಕೇಳುತ್ತದೆ ಎಂಬ ಮಾತು ಮಾತ್ರ ಅವಳ ಮನಸ್ಸಿನಲ್ಲಿ ಕೂತಿತು. ಕೆಲವು ದಿನಗಳ ಮೇಲೆ ಪಂಪು ರಿಪೇರಿಯವನು ಬಂದ. ಅವನು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುವ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಂತು, ಒಳಗಿನ ಬೇರಿಂಗು ಸವೆದಿದೆ ಎಂದ. ಬಿಚ್ಚಿದರೆ ಸವೆದೇ ಇತ್ತು. ಗಾಜಕ್ಕನಿಗೆ ಅಲ್ಲೇ ಬೆಳಕು ಹತ್ತಿತು. ಅವನಿಂದ ಒಂದು ಹಳೆಯ ಸಲಾಕೆ ಕೇಳಿ ಪಡೆದಳು. ಮೇಲಿನ ಗಾಜಿಗೆ ಸಲಾಕೆಯ ತುದಿ, ಕಿವಿಯ ಹಿಂದಿನ ಎಲುಬಿಗೆ ಅದರ ಹಿಡಿ, ಎರಡೂ ಕಿವಿಯೊಳಗೆ ಅರಳೆ. ಗಿರಣಿ ದೂರ ಹೋಯಿತು. ತರಿ ತಲೆಯೊಳಗೇ ಬಂದು ಮಾತಾಡಿತು. ಕಿವಿ ಮುಚ್ಚಿಕೊಂಡು ಕೇಳುವವಳನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ಇಡೀ ಕಾರ್ಖಾನೆ ಹೊಟ್ಟೆ ಹಿಡಿದು ನಕ್ಕಿತು. ಅರಳೆಯ ದೆಸೆಯಿಂದ ಅದು ಅವಳಿಗೆ ಕೇಳಿಸಲಿಲ್ಲ.

ಎರಡು ತಿಂಗಳು ಅಭ್ಯಾಸ ಮಾಡಿ ಯಜಮಾನರಿಗೆ ಅವರ ಮಾತನ್ನು ನೆನಪಿಸಿದಳು. ಪರೀಕ್ಷೆಯಾಗಲಿ ಎಂದರು. ಚಿಕ್ಕಪ್ಪನೂ ಅವಳೂ ಎದುರುಬದುರು ಕೂತು, ಅವನು ಹಲ್ಲಿನಿಂದ, ಇವಳು ಗಾಜಿನಿಂದ ಹೇಳಬೇಕು, ಯಾರು ಗೆಲ್ಲುತ್ತಾರೋ ನೋಡೋಣ ಎಂಬುದು ಮೇಸ್ತ್ರಿಯ ಏರ್ಪಾಡು. ಜನ ಹುರುಪಿನಿಂದ ಸೇರಿದರು. ಚಿಕ್ಕಪ್ಪ ಮೀಸೆ ತಿದ್ದಿಕೊಂಡು ಬಂದ. ಗಾಜಕ್ಕ ಒಪ್ಪಲಿಲ್ಲ.

"ಚಿಕ್ಕಪ್ಪ ಇನ್ನೊಂದು ಚಿಟಿಕೆ ಬಾಯಿಗಿಟ್ಟರೆ ನಾನು ಗೆದ್ದರೂ ಸೋತ ಹಾಗೆ," ಎಂದಳು. "ನನ್ನೊಬ್ಬಳನ್ನೇ ಪರೀಕ್ಷೆ ಮಾಡಿ. ಸರಿ ತಪ್ಪು ಗೂಡು ಹೇಳಲಿ."

"ಹೆದರಿದಳು ಅನ್ನಿ," ಎಂದ ಚಿಕ್ಕಪ್ಪ.

"ಹೂಂ, ಹೆದರಿದೀನಿ. ನನಗಾಗಿ ಅಲ್ಲ, ನಿನಗಾಗಿ."

ಕೊನೆಗೆ ಅವಳು ಹೇಳಿದಂತೆಯೇ ಆಯಿತು. ಮೇಸ್ತ್ರಿ ಏಳು ಬಟ್ಟಲು ಇಟ್ಟ. ಏಳಕ್ಕೂ ಬೆಳಿಗ್ಗೆ ಪಾಸಾದ ಬೇರೆ ಬೇರೆ ಡ್ರಮ್ಮಿನ ನುಣ್ಣನೆಯ ಪುಡಿ. ಅದರಲ್ಲಿ ಎರಡಕ್ಕೆ, ಅವಳಿಗೆ ಕಾಣದಂತೆ, ಅರೆಬೀಸಿದ ತರಿಪುಡಿ ಬೆರೆಸಿದ್ದ. ಯಾವ ಎರಡು ಎಂದು ಚೀಟಿಯಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟ. ಗಿರಣಿ ಓಡುತ್ತಲೇ ಇತ್ತು. ಗಾಜಕ್ಕ ಕವಚ ಬಿಗಿದು, ಕೈಗವಸು ಹಾಕಿ, ಅರಳೆ ತುರುಕಿಕೊಂಡು ಕೂತಳು. ಒಂದೊಂದು ಬಟ್ಟಲಿಗೂ ಗಾಜು ತೊಳೆದು, ಒರೆಸಿ, ಮತ್ತೆ ಉಜ್ಜಿದಳು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಿಧಾನ. ಕೊನೆಗೆ ಎರಡನೆಯದು, ಐದನೆಯದು, ಏಳನೆಯದು ಎಂದು ಮೂರು ಬಟ್ಟಲನ್ನು ಮುಂದಕ್ಕೆ ತಳ್ಳಿದಳು.

ಯಜಮಾನರು ಚೀಟಿ ಬಿಡಿಸಿದರು. ಎರಡು, ಐದು. ಏಳು ಅದರಲ್ಲಿ ಇರಲಿಲ್ಲ. ಜನ ಗೊಳ್ಳೆಂದರು. ಗಾಜಿಗೂ ಭ್ರಮೆ ಹಿಡಿಯುತ್ತದೆ ಎಂದ ಮೇಸ್ತ್ರಿ. ಯಜಮಾನರು ಕನಿಕರದಿಂದಲೇ, ಹೋಗಲಿ ಬಿಡಮ್ಮ, ಮೂರರಲ್ಲಿ ಎರಡು ಕಡಿಮೆಯೇನಲ್ಲ, ಬೇಕಿದ್ದರೆ ಇನ್ನೊಮ್ಮೆ ನೋಡು ಎಂದರು. ಅವಳು ಸೋತರೆ ನಾಳೆಯಿಂದ ಮತ್ತೆ ಆರು ಚಿಟಿಕೆ. ಆದರೂ ಏಳನೆಯ ಬಟ್ಟಲನ್ನು ಹಿಂದಕ್ಕೆ ಎಳೆಯಲಿಲ್ಲ.

"ಚೀಟಿ ಬರೆದವರಿಗೆ ಗೊತ್ತಿಲ್ಲದ್ದು ಪುಡಿಗೆ ಗೊತ್ತಿರುತ್ತೆ," ಎಂದಳು. "ಗೂಡಿಗೆ ಹಾಕಿ."

ಏಳು ಬಿಲ್ಲೆಗೆ ಏಳು ಬಟ್ಟಲಿನ ಪುಡಿ ಕಲಸಿ ಬಳಿದು, ಮಾದರಿ ಸುಡುವ ಸಣ್ಣ ಗೂಡಿಗೆ ಇಟ್ಟರು. ಮಾರನೆಯ ದಿನ ಮಧ್ಯಾಹ್ನ ಗೂಡು ಆರಿತು. ಯಜಮಾನರೇ ಬಿಲ್ಲೆಗಳನ್ನು ಕಿಟಕಿಯ ಬಿಸಿಲಿಗೆ ಸಾಲಾಗಿ ಇಟ್ಟರು. ಎರಡನೆಯದರ ಮೇಲೆ ಚುಕ್ಕೆ, ಐದನೆಯದರ ಮೇಲೆ ಚುಕ್ಕೆ. ಏಳನೆಯದನ್ನು ಓರೆ ಮಾಡಿ ಹಿಡಿದರು. ಅದರ ಮೇಲೂ ಇತ್ತು, ಸಾಸಿವೆ ಕಾಳನ್ನು ಒಡೆದು ಚೆಲ್ಲಿದ ಹಾಗೆ. ಮೇಸ್ತ್ರಿ ಓಡಿಹೋಗಿ ಆ ಡ್ರಮ್ಮು ತುಂಬಿದ ಜರಡಿಯನ್ನು ಬೆಳಕಿಗೆ ಹಿಡಿದ. ಚೌಕಟ್ಟಿನ ಮೂಲೆಯಲ್ಲಿ ಉಗುರಿನಗಲ ಬಲೆ ಹರಿದಿತ್ತು.

ಆ ಡ್ರಮ್ಮನ್ನು ಪಾಸು ಮಾಡಿದವರು ಯಾರೆಂದು ಯಾರೂ ಕೇಳಲಿಲ್ಲ. ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಚಿಕ್ಕಪ್ಪ ಹಲ್ಲಿನ ಮನೆಯವನು. ತಾನಾಗಿಯೇ ಮುಂದೆ ಬಂದು, "ಆ ಡ್ರಮ್ಮನ್ನ ನಾನು ನೋಡಿದ್ದೆ. ನುಣ್ಣಗಿದೆ ಅಂದಿದ್ದೆ," ಎಂದ. ಹೇಳಿ ಕೆಳಗೆ ನೋಡಿದ. ನಲವತ್ತು ಡ್ರಮ್ಮು ಇಳಿಸಿದವನ ಮಗ ಅವನು. ಮೀಸೆ ತಿದ್ದಿಕೊಂಡೇ ಬಂದಿದ್ದ, ಆವತ್ತೂ.

ಗಾಜಕ್ಕನಿಗೆ ಗೆದ್ದ ಖುಷಿ ಅರೆಕ್ಷಣವೂ ನಿಲ್ಲಲಿಲ್ಲ. ಮೇಸ್ತ್ರಿಯ ತುಟಿ ಕೊಂಕುವುದನ್ನು ಕಂಡು ಅವನ ಕಡೆಗೇ ತಿರುಗಿದಳು. "ನಗಬೇಡ ಮೇಸ್ತ್ರಿ. ಅವನ ಹಲ್ಲು ಸುಳ್ಳು ಹೇಳಿದ್ದಲ್ಲ. ಇಪ್ಪತ್ತು ವರ್ಷ ಅವನು ಪುಡಿ ತಿಂದ, ಪುಡಿ ಅವನ ಹಲ್ಲು ತಿಂತು. ಲೆಕ್ಕ ಸಮ ಆಗಿದೆ, ಇನ್ನು ಬಿಡಿ ಅವನನ್ನ." ಆಮೇಲೆ ಚಿಕ್ಕಪ್ಪನಿಗೆ, "ಬಾ, ಕೈ ತೊಳಿ," ಎಂದಳು. ಚಿಕ್ಕಪ್ಪ ನಲ್ಲಿಯ ತನಕ ಅವಳ ಹಿಂದೆ ಬಂದ. ಅವಳು ಕೊಟ್ಟ ಸೋಪನ್ನು ನೋಡಿ, "ಇದೇನೇ ಮಗಳೇ, ಮದುವೆ ಸೋಪು," ಎಂದ. ಎರಡು ಕೈಗೂ ಹಚ್ಚಿ ಮೊಣಕೈ ತನಕ ತಿಕ್ಕಿದ. ಗಾಜಕ್ಕ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಅಂದಿನಿಂದ ಪುಡಿ ಬಾಯಿಗೆ ಹೋಗುವುದು ನಿಂತಿತು. ಉಳಿದದ್ದೆಲ್ಲ ಒಂದೇ ದಿನದಲ್ಲಿ ಆಗಲಿಲ್ಲ. ಒಂದೊಂದಕ್ಕೂ ಜಗಳವಾಯಿತು. ಪುಡಿ ಕೋಣೆಯಲ್ಲಿ ಊಟ ಕೂಡದು ಎಂಬುದಕ್ಕೆ ಒಂದು ಜಗಳ, ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಒಗೆಯಬೇಕು ಎಂಬುದಕ್ಕೆ ಮೂರು. ಗಿರಣಿಯ ಬಾಯಿಗೆ ಧೂಳು ಹೀರುವ ಕೊಳವೆ ಕೂರಿಸಲು ಎರಡು ವರ್ಷ ಹಿಡಿಯಿತು. ಎಲ್ಲರ ರಕ್ತ ಪರೀಕ್ಷೆಯಾಯಿತು. ಚಿಕ್ಕಪ್ಪನಲ್ಲಿ ಸೀಸ ವಿಪರೀತ ಇತ್ತು. ಅವನನ್ನು ಪುಡಿಯಿಂದ ಪೂರ್ತಿ ಬಿಡಿಸಿ, ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಆಮೇಲೆ ಗೇಟಿನ ಕೆಲಸಕ್ಕೆ ಹಾಕಿದರು. ಈಗ ಲೋಟ ಜಾರುವುದಿಲ್ಲ. ಜಾರಿದರೂ ಲೋಟವನ್ನು ಬೈಯುವುದಿಲ್ಲ. ಗಾಜಕ್ಕನ ರಕ್ತದಲ್ಲೂ ಇತ್ತು, ಬರಿಗೈಯಲ್ಲಿ ಜರಡಿ ಹಿಡಿದ ವರ್ಷಗಳ ಪಾಲು. ಧೂಳಿನ ಕೋಣೆಗೆ ಕಾಲಿಡಬೇಡ ಎಂದರು ಡಾಕ್ಟರು. ಆದ್ದರಿಂದ ಅವಳ ಬೆಂಚನ್ನು ಹೊರಗೆ, ಕೈ ತೊಳೆಯುವ ಜಾಗದ ಪಕ್ಕಕ್ಕೆ ತಂದರು. ಪುಡಿ ಒದ್ದೆಯಾಗಿ, ಮುಚ್ಚಿದ ಬಟ್ಟಲಲ್ಲಿ ಅವಳ ಬಳಿಗೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಲು ಈಗಲೂ ಬರುತ್ತದೆ. ಅದನ್ನು ಕೈ ತೊಳೆದು ಕುಡಿಯುತ್ತಾರೆ, ಹಾಲೆಂದೇ ಕುಡಿಯುತ್ತಾರೆ, ಮದ್ದೆಂದಲ್ಲ.

ಆ ಹಳೆಯ ಸೀಸ ಅವಳ ಬಲಗೈಗೂ ತಟ್ಟಿತ್ತು, ಚಳಿಗಾಲದಲ್ಲಿ ಅದು ಈಗಲೂ ಮುನಿಸಿಕೊಳ್ಳುತ್ತದೆ. ಮೊನ್ನೆ ಒಂದು ಬೆಳಿಗ್ಗೆ ಮೊದಲ ಬಟ್ಟಲು ಬಂತು, ಹೊರಗೆ ಲಾರಿ ಕಾದಿತ್ತು. ಗಾಜಕ್ಕ ಸಲಾಕೆ ಎತ್ತಲು ಹೋದಳು, ಮಣಿಕಟ್ಟು ಏಳಲಿಲ್ಲ. ಇನ್ನೊಮ್ಮೆ ಹೋದಳು. ಸಲಾಕೆ ಬೆಂಚಿನ ಮೇಲೆ ಠಣ್ ಎಂದಿತು. ಮೇಸ್ತ್ರಿ ಈಗ ಅವಳ ಮೇಲೆ ಪ್ರಾಣ ಇಟ್ಟುಕೊಂಡವನು. ಓಡಿಬಂದು ಅವಳ ಮಣಿಕಟ್ಟನ್ನು ತನ್ನ ಎರಡು ಬೆರಳಲ್ಲಿ, ತುಂಬ ನಯವಾಗಿ, ಎತ್ತಿ ಹಿಡಿದ. ನಾನು ಹಿಡ್ಕೊಂಡಿರ್ತೀನಿ ಅಕ್ಕ, ನೀವು ಕೇಳಿದರೆ ಸಾಕು ಎಂದ. ಅವಳು ಆ ಬೆರಳುಗಳನ್ನೇ ನೋಡಿದಳು. ಎಡಗೈಯಿಂದ ಕಿವಿಯ ಅರಳೆ ತೆಗೆದು ಬೆಂಚಿನ ಮೇಲಿಟ್ಟಳು.

"ಬೆರಳು ತೆಗಿ ಮೇಸ್ತ್ರಿ. ನಮ್ಮಪ್ಪನ ಬಾಯಿಗೂ ಹೀಗೇ, ಪ್ರೀತಿಯಿಂದಲೇ ಕೈ ಹಾಕಿದ್ರು. ನನ್ನ ಕೈ ತಾನಾಗಿ ಎದ್ದಾಗ ಪುಡಿ ನೋಡ್ತೀನಿ. ಅಲ್ಲಿವರೆಗೆ ಲಾರಿ ನಿಲ್ಲಲಿ, ಗಿರಣಿ ನಿಲ್ಲಲಿ, ಬೇಕಿದ್ರೆ ಯಜಮಾನ್ರೂ ಬಂದು ನಿಲ್ಲಲಿ. ನನ್ನ ಕೈ ಮಾತ್ರ ಯಾರೂ ಎತ್ತಬೇಡಿ."